ಮೊದಲೇ ಬಂದಿದ್ದ ಅತಿಥಿ

ಪರದೇಶದಲ್ಲಿ ಓದು ಮುಗಿಸಿದವನ ಕೊನೆಯ ದಿನ ಸಾಮಾನ್ಯವಾಗಿ ತಕ್ಕಡಿಯ ಮುಂದೆ ಕಳೆಯುತ್ತದೆ. ಪೆಟ್ಟಿಗೆ ತೂಗುವುದು, ಒಂದು ಪುಸ್ತಕ ಹೊರಗೆ ತೆಗೆಯುವುದು, ಮತ್ತೆ ತೂಗುವುದು. ವಿಮಾನದವರು ಹೇಳಿದ ತೂಕಕ್ಕಿಂತ ಒಂದು ಕಿಲೋ ಹೆಚ್ಚಾದರೂ ದಂಡ. ನಾಲ್ಕು ವರ್ಷದ ಬದುಕಿನಲ್ಲಿ ಯಾವುದು ಬೇಕು, ಯಾವುದು ಬೇಡ ಎಂಬುದನ್ನು ಅಂದು ಕಿಲೋ ಲೆಕ್ಕದಲ್ಲಿ ತೀರ್ಮಾನಿಸಬೇಕು. ಆದರೆ ತಕ್ಕಡಿಗೆ ಸಿಕ್ಕದ ಕೆಲವು ಲೆಕ್ಕಗಳೂ ಇರುತ್ತವೆ. ಅವೂ ಆ ದಿನವೇ ಚುಕ್ತಾ ಆಗಬೇಕು.

ದೊಡ್ಡನೆಕ್ಕುಂದಿಯಲ್ಲಿ ಕಳೆದ ಅಂಥ ಒಂದು ದಿನದ ಸಂಗತಿ ಇದು. ಹೆಸರುಗಳು ಬೇಡ. ಹೋಗುತ್ತಿದ್ದವನು ಪಶ್ಚಿಮ ಕೆನ್ಯಾದ ಗುಡ್ಡಗಾಡಿನ ಕಡೆಯ ಹುಡುಗ. ಬೆಂಗಳೂರಿನ ಒಂದು ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಲು ಬಂದಿದ್ದವನು. ಉಳಿಯುವವನು ದೊಡ್ಡನೆಕ್ಕುಂದಿಯ ಹಳೆಯ ಮನೆತನದವನು, ವಯಸ್ಸಿನಲ್ಲಿ ಏಳೆಂಟು ವರ್ಷ ಹಿರಿಯ, ಐಟಿಐ ಮುಗಿಸಿದ ಟರ್ನರ್. ಮನೆಯ ಮುಂದಿನ ಜಾಗದಲ್ಲಿ ಶೀಟು ಹೊದೆಸಿ ಎರಡು ಲೇತ್ ಯಂತ್ರ ಇಟ್ಟುಕೊಂಡಿದ್ದಾನೆ. ಸುತ್ತಲಿನ ಕಾರ್ಖಾನೆಗಳಿಗೆ ಬೇಕಾದ ಸಣ್ಣಪುಟ್ಟ ಬಿಡಿಭಾಗಗಳನ್ನು ಕಡೆದು ಕೊಡುವುದು ಅವನ ಕಸುಬು.

ಊರು ನೋಡಿದವರಿಗೆ ಗೊತ್ತು. ಒಂದು ಕಡೆ ಹೊರವರ್ತುಲ ರಸ್ತೆ, ಅದರ ನಡುವೆ ಮೆಟ್ರೊ ಕಂಬಗಳ ಸಾಲು. ಇನ್ನೊಂದು ಕಡೆ ಕೈಗಾರಿಕಾ ಪ್ರದೇಶ. ಪಕ್ಕದಲ್ಲೇ ಉಪಗ್ರಹಗಳನ್ನು ಜೋಡಿಸಿ ಪರೀಕ್ಷಿಸುವ ಇಸ್ರೊ ಸಂಸ್ಥೆಯ ಆವರಣ. ಇವುಗಳ ನಡುವೆ ಕೆರೆ, ಕೆರೆಯ ಏರಿ, ಹಳೆಯ ಊರಿನ ಓಣಿಗಳು. ಐವತ್ತು ವರ್ಷದ ಹಿಂದೆ ಇಲ್ಲೆಲ್ಲ ಕೆಂಪು ಮಣ್ಣಿನ ಹೊಲಗಳಿದ್ದವು, ಹೊಲಗಳಲ್ಲಿ ರಾಗಿ ಇತ್ತು ಎಂದರೆ ಇಂದಿನ ಮಕ್ಕಳು ನಂಬುವುದು ಕಷ್ಟ.

ಇವರಿಬ್ಬರ ಗೆಳೆತನಕ್ಕೆ ಕಾರಣ ಒಂದು ಕಬ್ಬಿಣದ ಸರಳು. ಮುಸುಕಿನ ಜೋಳದ ಕಾಳು ಬಿಡಿಸುವ ಒಂದು ಕೈಯಂತ್ರ ಹುಡುಗನ ಮನಸ್ಸಿನಲ್ಲಿತ್ತು. ಮೂರನೆಯ ವರ್ಷದಲ್ಲೇ ಅದರ ನಕ್ಷೆ ಹಿಡಿದು ಶೆಡ್‌ನಿಂದ ಶೆಡ್‌ಗೆ ಅಲೆದಿದ್ದ. ಒಂದೇ ಒಂದು ಸರಳು ಕಡೆದುಕೊಡಲು ಯಾರಿಗೂ ಪುರುಸೊತ್ತಿರಲಿಲ್ಲ. ಇವನು ಒಪ್ಪಿದ. ಅಷ್ಟೇ ಅಲ್ಲ, ಯಂತ್ರದ ಮುಂದೆ ನಿಲ್ಲಿಸಿ ಕೆಲಸವನ್ನೂ ಕಲಿಸಿದ.

ಮೊದಲ ದಿನವೇ ಒಂದು ಪಾಠವಾಯಿತು. ಆಗಷ್ಟೇ ಕಡೆದ ಸರಳಿಗೆ ಹುಡುಗ ಮೈಕ್ರೊಮೀಟರ್ ಹಿಡಿಯಲು ಹೋದ. ಟರ್ನರ್ ಅವನ ಕೈ ತಡೆದು, 'ತಣ್ಣಗಾಗಲಿ ಗುರೂ, ಬಿಸಿ ಇದ್ದಾಗ ಅಳೀಬಾರ್ದು' ಎಂದ. ಭೌತಶಾಸ್ತ್ರದ ಪುಸ್ತಕದಲ್ಲಿ ಇದೇ ಮಾತು ಬೇರೆ ರೂಪದಲ್ಲಿದೆ. ಹತ್ತು ಸೆಂಟಿಮೀಟರ್ ಉದ್ದದ ಉಕ್ಕಿನ ಸರಳಿನ ಉಷ್ಣತೆ ಹತ್ತು ಡಿಗ್ರಿ ಏರಿದರೆ ಉದ್ದ ಸುಮಾರು 0.012 ಮಿಲಿಮೀಟರ್ ಹೆಚ್ಚುತ್ತದೆ. ನೂರರಲ್ಲಿ ಒಂದು ಮಿಲಿಮೀಟರ್ ವ್ಯತ್ಯಾಸವನ್ನೂ ಒಪ್ಪದ ಕಸುಬಿನಲ್ಲಿ ಅದೇ ದೊಡ್ಡ ತಪ್ಪು. ಹುಡುಗ ನಾಲ್ಕು ಸೆಮಿಸ್ಟರ್ ಓದಿದ್ದ ಸೂತ್ರ ಅಂದು ಅವನ ಬೆರಳಿಗೆ ಅರ್ಥವಾಯಿತು. ಅಂದಿನಿಂದ ಅವನು 'ಅಣ್ಣ' ಎನ್ನತೊಡಗಿದ.

ಎರಡು ವರ್ಷ ಹೀಗೇ ನಡೆಯಿತು. ಶನಿವಾರ ಮಧ್ಯಾಹ್ನ ಬಂದರೆ ಕತ್ತಲಾಗುವವರೆಗೆ ಶೆಡ್‌ನಲ್ಲೇ. ಕೈಯೆಲ್ಲ ಗ್ರೀಸು, ಮಾತು ಅರ್ಧ ಇಂಗ್ಲಿಷು, ಅರ್ಧ ಕನ್ನಡ. ನಡುವೆ ಒಳಗಿನಿಂದ ಚಹಾ ಬರುತ್ತಿತ್ತು. ಕೆಲಸದ ಹುಡುಗರಿಗೆ ಸ್ಟೀಲಿನ ಲೋಟದಲ್ಲಿ, ಇವನಿಗೆ ಪೇಪರ್ ಕಪ್ಪಿನಲ್ಲಿ.

ಶೆಡ್‌ನಿಂದ ಅಡುಗೆಮನೆಗೆ ಹೆಚ್ಚೆಂದರೆ ಹತ್ತು ಹೆಜ್ಜೆ. ಎರಡು ವರ್ಷದಲ್ಲಿ ಆ ಹತ್ತು ಹೆಜ್ಜೆ ಹಾಕಲು ಅವನನ್ನು ಯಾರೂ ಕರೆಯಲಿಲ್ಲ. ಟರ್ನರನಿಗೆ ಕರೆಯುವ ಮನಸ್ಸಿತ್ತು, ಧೈರ್ಯವಿರಲಿಲ್ಲ. ಒಮ್ಮೆ ಕೇಳಿದ್ದಾಗ ತಾಯಿ, 'ಅವರು ಏನ್ ತಿಂತಾರೋ, ಎಂಥೋರೋ, ನಮಗ್ಯಾಕಪ್ಪಾ' ಎಂದಿದ್ದರು. ಆಕೆ ಕೆಟ್ಟವರಲ್ಲ. ಬೀದಿ ನಾಯಿಗೂ ಅನ್ನ ಹಾಕುವ ಹೆಂಗಸು. ಆದರೆ ಕಾಣದ್ದರ ಬಗ್ಗೆ ಹುಟ್ಟುವ ಭಯಕ್ಕೆ ಒಳ್ಳೆಯವರು ಕೆಟ್ಟವರು ಎಂಬ ಭೇದವಿಲ್ಲ.

ಹುಡುಗನಿಗೆ ಇದು ಹೊಸದೇನೂ ಆಗಿರಲಿಲ್ಲ. ಬಾಡಿಗೆಗೆ ಕೋಣೆ ಹುಡುಕುವಾಗ 'ಖಾಲಿ ಇದೆ' ಎಂಬ ಹಲಗೆಯ ಕೆಳಗೇ ನಿಂತು 'ಖಾಲಿ ಇಲ್ಲ' ಎಂಬ ಉತ್ತರ ಕೇಳಿದವನು ಅವನು. ಬೆಂಗಳೂರಿಗೆ ಹೊರಡುವ ಮುನ್ನವೇ ಅವನ ಮನೆಯವರಿಗೆ ಒಂದು ಹಳೆಯ ಸುದ್ದಿ ಗೊತ್ತಿತ್ತು. 2016ರ ಜನವರಿ 31ರ ರಾತ್ರಿ ನಗರದ ಇನ್ನೊಂದು ಅಂಚಿನಲ್ಲಿ, ಹೆಸರಘಟ್ಟ ರಸ್ತೆಯಲ್ಲಿ, ಸುಡಾನಿನವನೊಬ್ಬನ ಕಾರು ಬಡಿದು ಸ್ಥಳೀಯ ಮಹಿಳೆಯೊಬ್ಬರು ತೀರಿಕೊಂಡರು. ಸ್ವಲ್ಪ ಹೊತ್ತಿನ ಬಳಿಕ ಅದೇ ದಾರಿಯಲ್ಲಿ ಬಂದ ಟಾಂಜಾನಿಯಾದ ವಿದ್ಯಾರ್ಥಿನಿಗೂ ಆ ಅಪಘಾತಕ್ಕೂ ಯಾವ ಸಂಬಂಧವೂ ಇರಲಿಲ್ಲ. ಆದರೂ ಗುಂಪು ಆಕೆಯ ಮೇಲೆ ಕೈ ಮಾಡಿತು, ಕಾರಿಗೆ ಬೆಂಕಿ ಇಟ್ಟಿತು. ಸುದ್ದಿ ಖಂಡಾಂತರ ಹೋಯಿತು. ಬಿಸಿ ಇದ್ದಾಗ ಅಳೆಯಬಾರದು ಎಂಬ ಟರ್ನರನ ಪಾಠ ಲೇತ್ ಯಂತ್ರಕ್ಕಷ್ಟೇ ಸಂಬಂಧಿಸಿದ್ದಲ್ಲ.

ಹೀಗೆ ಜೂನ್ ತಿಂಗಳ ಒಂದು ಭಾನುವಾರ ಬಂತು. ರಾತ್ರಿ ವಿಮಾನ, ಮುಂಬೈ ಮೂಲಕ ನೈರೋಬಿಗೆ. ಬೆಳಿಗ್ಗೆ ಹುಡುಗ ಶೆಡ್‌ಗೆ ಬಂದು ತನ್ನ ಹಳೆಯ ಮೇಲಂಗಿ, ಸುರಕ್ಷತೆಯ ಕನ್ನಡಕ ಹಿಂತಿರುಗಿಸಿದ. ಇಬ್ಬರೂ ಕೆರೆಯ ಏರಿಯ ಕಡೆ ನಡೆದರು. ಮಾತು ಹೆಚ್ಚಿರಲಿಲ್ಲ. ಕೊನೆಯ ದಿನದ ಕಷ್ಟವೇ ಅದು. ಹೇಳಬೇಕಾದದ್ದು ಬಹಳ ಇರುವುದರಿಂದ ಹವೆಯ ವಿಷಯ ಮಾತನಾಡಬೇಕಾಗುತ್ತದೆ. ಟರ್ನರ್ ಕೈ ಚಾಚಿ ಎತ್ತರದ ಕಟ್ಟಡಗಳನ್ನು ತೋರಿಸಿದ. 'ಅಲ್ಲಿ ನಮ್ಮ ತಾತನ ಹೊಲ ಇತ್ತು. ಪೂರ್ತಿ ರಾಗಿ.'

'ರಾಗಿ ಅಂದರೆ?' ಎಂದ ಹುಡುಗ.

ನಾಲ್ಕು ವರ್ಷ ಬೆಂಗಳೂರಿನಲ್ಲಿದ್ದವನ ಪ್ರಶ್ನೆ ಇದು! ಟರ್ನರನಿಗೆ ನಗು ಬಂತು, ಆಮೇಲೆ ನಾಚಿಕೆಯಾಯಿತು. ಹಾಸ್ಟೆಲಿನಲ್ಲಿ ಅನ್ನ, ಸಾಂಬಾರು, ಚಪಾತಿ. ಹೊರಗೆ ಬಿರಿಯಾನಿ. 'ಮುದ್ದೆ ಊಟ' ಎಂಬ ಹಲಗೆಗಳನ್ನು ಹುಡುಗ ನೋಡಿದ್ದ, ಓದಲು ಬಂದಿರಲಿಲ್ಲ. ಯಾರದೋ ತಟ್ಟೆಯಲ್ಲಿದ್ದ ಕಂದು ಉಂಡೆ ನೋಡಿ ಸಿಹಿತಿಂಡಿ ಇರಬೇಕು ಎಂದುಕೊಂಡಿದ್ದ. ತಿಳಿಸಿ ಹೇಳುವ ಮನೆ ಇದ್ದದ್ದು ಒಂದೇ, ಅದು ಕರೆದಿರಲಿಲ್ಲ.

'ನಡಿ, ಊಟಕ್ಕೆ ಮನೆಗೆ' ಎಂದ ಟರ್ನರ್. ತಾಯಿಯನ್ನು ಕೇಳದೆ ಹೇಳಿದ ಮೊದಲ ಮಾತು ಅದು.

ತಾಯಿ ಇಲ್ಲವೆನ್ನಲಿಲ್ಲ. ಊರಿಗೆ ಹೊರಟವನನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವುದು ಆಕೆಯ ಸ್ವಭಾವಕ್ಕೆ ಒಗ್ಗದು. 'ಅಲ್ಲೇ ಕೂತ್ಕೊಳ್ಳಪ್ಪಾ' ಎಂದು ನಡುಮನೆಯಲ್ಲಿ ಚಾಪೆ ತೋರಿಸಿ ಒಳಗೆ ಹೋದರು. ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ಆಕೆ ಹಿಟ್ಟು ಸುರಿದರು. ಬಿಸಿ ನೀರಿಗೆ ಬಿದ್ದ ರಾಗಿ ಹಿಟ್ಟಿನ ವಾಸನೆ ಎಂಥದೆಂದು ತಿಳಿದವರಿಗೆ ವಿವರಿಸಬೇಕಾಗಿಲ್ಲ, ತಿಳಿಯದವರಿಗೆ ವಿವರಿಸಿ ಫಲವಿಲ್ಲ.

ಹುಡುಗ ಎದ್ದು ನಿಂತ. ತಾನು ಎಲ್ಲಿದ್ದೇನೆ ಎಂಬುದನ್ನೇ ಮರೆತವನಂತೆ ನಾಲ್ಕು ಹೆಜ್ಜೆ ಹಾಕಿ ಅಡುಗೆಮನೆಯ ಹೊಸ್ತಿಲ ಬಳಿ ಹೋಗಿ ಪಾತ್ರೆಯೊಳಗೆ ಇಣುಕಿದ. 'ವಿಂಬಿ' ಎಂದ. ಮತ್ತೊಮ್ಮೆ, ಗಟ್ಟಿಯಾಗಿ, 'ಅಣ್ಣ, ಇದು ವಿಂಬಿ!'

ತಾಯಿಯ ಕೈ ನಿಂತಿತು. ಮಗ ಉಸಿರು ಬಿಗಿಹಿಡಿದ. ಹುಡುಗ ಮಾತು ಸಾಲದೆ ಕೈಸನ್ನೆಯಲ್ಲೇ ಹೇಳತೊಡಗಿದ. ಊರಿನಲ್ಲಿ ಅವನ ಅಜ್ಜಿ ಇದೇ ಹಿಟ್ಟನ್ನು ಇದೇ ರೀತಿ ಕುದಿಯುವ ನೀರಿಗೆ ಸುರಿಯುತ್ತಾಳೆ. ಮರದ ಸಟ್ಟುಗದಿಂದ ಇದೇ ರೀತಿ ತಿರುವುತ್ತಾಳೆ. ತೆಳ್ಳಗಿದ್ದರೆ ಅದು ಉಜಿ, ಗಟ್ಟಿಯಾದರೆ ಉಗಾಲಿ. ಈಗ ಊರಿನಲ್ಲೆಲ್ಲ ಮುಸುಕಿನ ಜೋಳದ ಬಿಳಿ ಉಗಾಲಿಯೇ ಹೆಚ್ಚು, ಅಜ್ಜಿ ಮಾತ್ರ ಕಂದು ಉಗಾಲಿಯನ್ನು ಬಿಟ್ಟಿಲ್ಲ. ಇಷ್ಟನ್ನು ಮಗ ಕನ್ನಡದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಹಿಟ್ಟು ಗಂಟಾಗುವ ಹಂತಕ್ಕೆ ಬಂದಿತ್ತು. ತಾಯಿಗೆ ಕೋಪ ಬಂದದ್ದು ಅದಕ್ಕೆ ಮಾತ್ರ. 'ಮಾತಾಡ್ತಾ ನಿಂತ್ರೆ ಹಿಟ್ಟು ಕೆಡ್ತದೆ, ಹಿಡ್ಕೊ ಇಲ್ಲಿ' ಎಂದು ಕೋಲನ್ನು ಅವನ ಕೈಗೆ ಕೊಟ್ಟು, ತಾವು ಪಾತ್ರೆ ಅಲುಗದಂತೆ ಒತ್ತಿ ಹಿಡಿದರು.

ಹೊಸ್ತಿಲು ದಾಟಿದ್ದು ಯಾವಾಗ ಎಂದು ಇಬ್ಬರಿಗೂ ನೆನಪಿಲ್ಲ. ಲೇತ್ ಯಂತ್ರದ ಮುಂದೆ ಎರಡು ವರ್ಷ ಪಳಗಿದ ತೋಳು ಅದು. ಗಂಟು ಒಡೆದು, ಅಂಚಿನಿಂದ ನಡುವಿಗೆ ಎಳೆದು, ಒತ್ತಿ ತಿರುವಿತು. ತಾಯಿ ನೋಡಿದರು. 'ಬರ್ತದೆ ಕಣ್ಲಾ ಇವನ್ಗೆ' ಎಂದು ಮಗನಿಗೆ ಹೇಳಿದರು.

ಊಟಕ್ಕೆ ಕುಳಿತಾಗ ಇನ್ನೊಂದು ತಮಾಷೆ ನಡೆಯಿತು. ಹುಡುಗ ಮುದ್ದೆಯನ್ನು ಮುರಿದು ಬೆರಳಲ್ಲಿ ಉಂಡೆ ಮಾಡಿ, ಹೆಬ್ಬೆರಳಿನಿಂದ ಗುಳಿ ಒತ್ತಿ, ಸಾರನ್ನು ಅದರಲ್ಲಿ ತುಂಬಿ ಬಾಯಿಗಿಟ್ಟ. ಅವರ ಕಡೆಯ ಪದ್ಧತಿ ಅದು. ಅಷ್ಟರವರೆಗೆ ಸರಿ. ಆಮೇಲೆ ಅಗಿಯತೊಡಗಿದ! 'ಅಗೀಬಾರ್ದು ಕಣಪ್ಪಾ, ನುಂಗ್ಬೇಕು' ಎಂದು ತಾಯಿ ನಗುತ್ತ ತೋರಿಸಿಕೊಟ್ಟರು. ಒಂದೇ ಹಿಟ್ಟು, ಒಂದೇ ಎಸರು. ಸಮುದ್ರ ದಾಟುವಾಗ ಹಲ್ಲಿನ ಕೆಲಸ ಮಾತ್ರ ಎಲ್ಲೋ ಉಳಿದುಹೋಗಿತ್ತು.

ಇಲ್ಲಿ ಸ್ವಲ್ಪ ನಿಂತು ಆ ತಟ್ಟೆಯನ್ನು ನೋಡುವುದು ಒಳ್ಳೆಯದು.

ರಾಗಿ ನಮ್ಮದು ಎಂದೇ ಹಳೆಯ ಮೈಸೂರಿನವರ ನಂಬಿಕೆ. ದೇಶದಲ್ಲಿ ರಾಗಿ ಬೆಳೆಯುವುದರಲ್ಲಿ ಕರ್ನಾಟಕವೇ ಮುಂದು. ಹತ್ತೊಂಬತ್ತನೆಯ ಶತಮಾನದ ಕೆಲವು ಸಸ್ಯವಿಜ್ಞಾನಿಗಳೂ ಇದು ಭಾರತದಲ್ಲೇ ಹುಟ್ಟಿದ ಬೆಳೆ ಎಂದುಕೊಂಡಿದ್ದರು. ಆದರೆ ಒಂದು ಬೆಳೆಯ ತವರು ಗೊತ್ತಾಗಬೇಕಾದರೆ ಅದನ್ನು ಎಲ್ಲಿ ಹೆಚ್ಚು ತಿನ್ನುತ್ತಾರೆ ಎಂದು ಕೇಳಿದರೆ ಸಾಲದು, ಅದರ ಕಾಡು ಪೂರ್ವಜ ಎಲ್ಲಿದೆ ಎಂದು ಹುಡುಕಬೇಕು. ರಾಗಿಯ ವರ್ಣತಂತುಗಳು 36. ಅಷ್ಟೇ ವರ್ಣತಂತುಗಳುಳ್ಳ, ರಾಗಿಯೊಡನೆ ಸಲೀಸಾಗಿ ಕೂಡಿ ಸಂತಾನ ಕೊಡುವ ಕಾಡು ಹುಲ್ಲು ಆಫ್ರಿಕದಲ್ಲಿದೆ. ಪೂರ್ವ ಆಫ್ರಿಕದ ಎತ್ತರದ ಸೀಮೆಯಲ್ಲಿ, ಇಥಿಯೋಪಿಯಾ ಉಗಾಂಡಗಳ ಕಡೆ, ಯಾರೋ ರೈತರು ಸಾವಿರಾರು ವರ್ಷಗಳ ಹಿಂದೆ ಆ ಹುಲ್ಲಿನ ತೆನೆ ಆರಿಸಿ, ಬಿತ್ತಿ, ಮತ್ತೆ ಆರಿಸಿ ರಾಗಿಯನ್ನು ಮಾಡಿದರು. ತೆನೆಯಿಂದ ಕಾಳು ತಾನಾಗಿ ಉದುರಿಹೋಗುವ ಹುಲ್ಲನ್ನು, ಕೊಯ್ಲಿನವರೆಗೆ ಕಾಳು ಹಿಡಿದುಕೊಳ್ಳುವ ಬೆಳೆಯಾಗಿ ತಿದ್ದಿದ್ದೇ ಅವರ ಸಾಧನೆ. ಅಲ್ಲಿಂದ ಅದು ಭಾರತಕ್ಕೆ ಬಂತು.

ತಟ್ಟೆಯಲ್ಲಿದ್ದ ಉಳಿದದ್ದೂ ಹಾಗೆಯೇ. ಆ ದಿನದ ಸಾರು ಅಲಸಂದೆಕಾಳಿನ ಬಸ್ಸಾರು. ಅಲಸಂದೆಯ ತವರು ಆಫ್ರಿಕ. ಸಾರಿಗೆ ಹಾಕಿದ್ದು ಹುಣಸೆಹಣ್ಣು. ಅರಬರು ಅದನ್ನು 'ತಮರ್ ಹಿಂದಿ', ಅಂದರೆ ಭಾರತದ ಖರ್ಜೂರ, ಎಂದು ಕರೆದದ್ದರಿಂದ ಜಗತ್ತೆಲ್ಲ ಅದು ನಮ್ಮದೆಂದು ನಂಬಿತು. ಮರದ ಮೂಲ ಮಾತ್ರ ಉಷ್ಣವಲಯದ ಆಫ್ರಿಕ. ಊಟವಾದ ಮೇಲೆ ತಾಯಿ ಕೊಟ್ಟ ಕಾಫಿ ಇಥಿಯೋಪಿಯಾದ ಕಾಡಿನ ಗಿಡ. ಅದು ಬಾಬಾ ಬುಡನ್ ಅವರ ಕೈಯಿಂದ ಯೆಮನ್ ಮೂಲಕ ಚಿಕ್ಕಮಗಳೂರಿನ ಬೆಟ್ಟಕ್ಕೆ ಬಂತು ಎಂಬ ಐತಿಹ್ಯ ಎಲ್ಲರಿಗೂ ಗೊತ್ತು. ಉತ್ತರ ಕರ್ನಾಟಕದ ಜೋಳ ಮತ್ತು ಸಜ್ಜೆ, ಬೇಸಗೆಯ ಕಲ್ಲಂಗಡಿ, ಬಾಣ��ತಿಯರ ಹರಳೆಣ್ಣೆ, ಇವೂ ಆ ಖಂಡದಿಂದಲೇ ಬಂದವು. ಸಾರಿನ ಮೆಣಸಿನಕಾಯಿಯಂತೂ ಅಮೆರಿಕದ್ದು.

ಎಂದರೆ, ಯಾವ ಅಡುಗೆಮನೆಗೆ ಆಫ್ರಿಕದ ಹುಡುಗನನ್ನು ಎರಡು ವರ್ಷ ಕರೆಯಲಿಲ್ಲವೋ ಆ ಅಡುಗೆಮನೆಯ ಡಬ್ಬಿಗಳಲ್ಲಿ ಅರ್ಧಕ್ಕರ್ಧ ಆಫ್ರಿಕವೇ ಕುಳಿತಿತ್ತು. ಅದು ಎಷ್ಟು ಹಿಂದೆ ಬಂದು ಸೇರಿಕೊಂಡಿತ್ತೆಂದರೆ ಅತಿಥಿ ಎಂಬುದೂ ಮರೆತುಹೋಗಿತ್ತು.

ದಾರಿ ಮಾಡಿಕೊಟ್ಟದ್ದು ಗಾಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈರುತ್ಯ ಮಾರುತ ಆಫ್ರಿಕದ ಕರಾವಳಿಯಿಂದ ನಮ್ಮ ಕಡೆ ಬೀಸುತ್ತದೆ. ಚಳಿಗಾಲದಲ್ಲಿ ಅದೇ ಗಾಳಿ ದಿಕ್ಕು ತಿರುಗಿಸಿ ಈಶಾನ್ಯದಿಂದ ಆ ಕಡೆ ಹೋಗುತ್ತದೆ. ಹಾಯಿ ಹಡಗಿನವರಿಗೆ ಇದಕ್ಕಿಂತ ಒಳ್ಳೆಯ ಹೋಗಿಬರುವ ಟಿಕೆಟ್ ಬೇಕೆ? ಅರಬ್ಬಿ ಸಮುದ್ರದ ಎರಡು ದಡಗಳ ನಡುವೆ ಕಾಳು, ಮಸಾಲೆ, ದಂತ, ಬಟ್ಟೆ ಹೀಗೆ ಓಡಾಡಿದವು. ಮಾತೂ ಓಡಾಡಿತು. ಸ್ವಾಹಿಲಿ ಭಾಷೆಯಲ್ಲಿ ಚಹಾ ಎಂದರೆ ಚಾಯ್, ಚಪಾತಿ ಎಂದರೆ ಚಪಾತಿ, ಗಾಡಿ ಎಂದರೆ ಗಾರಿ, ಅಂಗಡಿ ಎಂದರೆ ದುಕಾ. 1896ರಿಂದ 1901ರವರೆಗೆ ಮೊಂಬಾಸಾದಿಂದ ಒಳನಾಡಿಗೆ ರೈಲುಹಾದಿ ಹಾಕಲು ಬ್ರಿಟಿಷರು ಸುಮಾರು 32 ಸಾವಿರ ಭಾರತೀಯ ಕೂಲಿಗಳನ್ನು ಕರೆದೊಯ್ದರು. ಅವರಲ್ಲಿ ಸುಮಾರು 2,500 ಮಂದಿ ಅಲ್ಲೇ ಮಡಿದರು. ಬಂದವರೆಲ್ಲ ಸ್ವಂತ ಇಚ್ಛೆಯಿಂದ ಬರಲಿಲ್ಲ, ಈ ಕಡೆಯೂ ಅಷ್ಟೆ. ಯಲ್ಲಾಪುರ, ಹಳಿಯಾಳ, ಅಂಕೋಲಾ ಕಾಡುಗಳ ಸಿದ್ದಿಯರ ಪೂರ್ವಿಕರಲ್ಲಿ ಹೆಚ್ಚಿನವರನ್ನು ಆಫ್ರಿಕದಿಂದ ಗುಲಾಮರನ್ನಾಗಿ ತಂದದ್ದು. ಇಂದು ಅವರು ಕನ್ನಡ ನಾಡಿನವರೇ. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಲಾಯಿತು.

ಎರಡು ನಾಡುಗಳ ರಾಗಿ ಬಹುಕಾಲದ ನಂತರ ಮತ್ತೆ ಭೇಟಿಯಾದದ್ದು ಮಂಡ್ಯದಲ್ಲಿ. ವಿ.ಸಿ. ಫಾರಂನಲ್ಲಿ ಕೆಲಸ ಮಾಡುತ್ತಿದ್ದ ತಳಿವಿಜ್ಞಾನಿ ಲಕ್ಷ್ಮಣಯ್ಯನವರನ್ನು ಜನ ಇಂದಿಗೂ 'ರಾಗಿ ಲಕ್ಷ್ಮಣಯ್ಯ' ಎಂದೇ ನೆನೆಯುತ್ತಾರೆ. ರಾಗಿಯ ಹೂವು ಬಹಳ ಸಣ್ಣದು. ಅರಳುವ ಹೊತ್ತಿಗೆ ತನ್ನ ಪರಾಗದಿಂದ ತಾನೇ ಫಲಿಸಿಬಿಡುತ್ತದೆ. ಎರಡು ತಳಿಗಳನ್ನು ಕೂಡಿಸುವುದೆಂದರೆ ತಾಳ್ಮೆಯ ಪರೀಕ್ಷೆ. ಅವರು ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಸಂಬಂಧ ಬೆಳೆಸಿ ಹೊಸ ತಳಿಗಳನ್ನು ತಂದರು. ಇಟ್ಟ ಹೆಸರು 'ಇಂಡಾಫ್': ಇಂಡಿಯಾದ ಮೊದಲ ಅಕ್ಷರಗಳು, ಆಫ್ರಿಕದ ಮೊದಲ ಅಕ್ಷರಗಳು. 1970ರ ದಶಕದಿಂದ ಈ ತಳಿಗಳು ಹೊಲಗಳಿಗೆ ಬಂದು ಇಳುವರಿ ಗಣನೀಯವಾಗಿ ಏರಿತು. ರೈತರು ನೆಚ್ಚಿಕೊಂಡ, ಬೆಂಕಿರೋಗ ತಾಳಿಕೊಳ್ಳುವ ಜಿಪಿಯು 28 ತಳಿಯ ವಂಶದಲ್ಲೂ ಇಂಡಾಫ್ ಇದೆ. ಮದುವೆಯ ಊಟದಲ್ಲಿ ಮುದ್ದೆ ಮುರಿಯುವ ಎಷ್ಟು ಜನಕ್ಕೆ ಗೊತ್ತು, ಅದರಲ್ಲಿ ಎರಡು ಖಂಡಗಳ ಬೀಗತನ ಇದೆ ಎಂದು?

ರಾಗಿಗೂ ಅವಮಾನ ಹೊಸದಲ್ಲ. ಕನಕದಾಸರ 'ರಾಮಧಾನ್ಯ ಚರಿತೆ'ಯಲ್ಲಿ ಭತ್ತ ಮತ್ತು ನರೆದಲೆಗ ಯಾರು ಹೆಚ್ಚು ಎಂದು ಜಗಳವಾಡುತ್ತವೆ. ನರೆದಲೆಗ ಎಂದರೆ ರಾಗಿ ಎಂಬುದು ವಾಡಿಕೆಯ ಅರ್ಥ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸುತ್ತಾನೆ. ತೆಗೆದು ನೋಡಿದಾಗ ಕಂಗೆಟ್ಟಿದ್ದದ್ದು ಭತ್ತ, ಗಟ್ಟಿಯಾಗಿ ಉಳಿದದ್ದು ರಾಗಿ. ಅಲ್ಲೂ ತೀರ್ಪು ಬಂದದ್ದು ಬಿಸಿಯಲ್ಲಲ್ಲ, ಆರು ತಿಂಗಳು ಕಾದ ಮೇಲೆ. ಇಂದಿನ ಪ್ರಯೋಗಾಲಯವೂ ರಾಗಿಯ ಪರವಾಗಿಯೇ ಇದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತರ ಆಸುಪಾಸು. ಆದರೂ ಇಲ್ಲಿ ಅಕ್ಕಿ ರಾಗಿಯನ್ನು ಬದಿಗೆ ತಳ್ಳಿತು, ಕೆನ್ಯಾದಲ್ಲಿ ಮುಸುಕಿನ ಜೋಳ ತಳ್ಳಿತು. ಭಾರತದ ಸೂಚನೆಯಂತೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ದೊಡ್ಡ ಅಂಗಡಿಗಳಲ್ಲಿ ರಾಗಿ ಬಿಸ್ಕತ್ತು ಕಾಣಿಸಿಕೊಂಡಿತು. ಹಿಟ್ಟನ್ನು ಎಂದೂ ಬಿಡದಿದ್ದ ಎರಡು ಮುದುಕಿಯರು, ಒಬ್ಬರು ದೊಡ್ಡನೆಕ್ಕುಂದಿಯಲ್ಲಿ, ಒಬ್ಬರು ಕೆನ್ಯಾದ ಬೆಟ್ಟದಲ್ಲಿ, ಯಾವ ವರ್ಷಕ್ಕೂ ಕಾದವರಲ್ಲ.

ಮತ್ತೆ ಆ ಮನೆಗೆ ಬರೋಣ. ಮಧ್ಯಾಹ್ನ ಇಳಿಯಿತು. ಹೊರಡುವ ಹೊತ್ತಿಗೆ ತಾಯಿ ಒಂದು ಬಟ್ಟೆಯ ಗಂಟು ತಂದರು. ಒಳಗೆ ಬಿತ್ತನೆ ರಾಗಿ, ಎರಡು ಸೇರಿನಷ್ಟು. ಹೊಲ ಹೋಗಿ ಎಷ್ಟೋ ವರ್ಷವಾಗಿತ್ತು. ಆದರೂ ತವರಿನ ಹೊಲದಿಂದ ಪ್ರತಿ ವರ್ಷ ಬೀಜ ತರಿಸಿ ಡಬ್ಬಿಯಲ್ಲಿ ಇಡುವುದನ್ನು ಆಕೆ ಬಿಟ್ಟಿರಲಿಲ್ಲ. ಯಾಕೆ ಎಂದು ಕೇಳಿದರೆ, 'ಮನೇಲಿ ಬೀಜ ಇರ್ಬೇಕು' ಎನ್ನುವರು. ಅದನ್ನು ಹುಡುಗನ ಮುಂದೆ ಹಿಡಿದು, 'ನಿಮ್ಮಜ್ಜಿಗೆ ಕೊಡು. ಅವರ ಬೀಜ ಬ್ಯಾರೆ, ನಮ್ಮದು ಬ್ಯಾರೆ. ಬಿತ್ತಿ ನೋಡ್ಲಿ' ಎಂದರು.

ಹುಡುಗ ಎರಡೂ ಕೈ ಚಾಚಿದ, ಆಮೇಲೆ ಟರ್ನರನ ಮುಖ ನೋಡಿದ. ಇಬ್ಬರಿಗೂ ನಿಯಮ ಗೊತ್ತಿತ್ತು. ಒಂದು ದೇಶದಿಂದ ಇನ್ನೊಂದಕ್ಕೆ ಬಿತ್ತನೆ ಬೀಜ ಒಯ್ಯಬೇಕಾದರೆ ಆಮದಿನ ಅನುಮತಿ ಬೇಕು, ರೋಗ ಕೀಟ ಇಲ್ಲವೆಂಬ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ನಿಯಮ ಸುಮ್ಮನೆ ಮಾಡಿದ್ದಲ್ಲ. ಬೀಜದ ಜೊತೆಗೆ ಬೂಷ್ಟು, ಕೀಟ, ಕಳೆ ಎಲ್ಲವೂ ಪ್ರಯಾಣ ಮಾಡುತ್ತವೆ. ಕಾಣದ್ದರ ಬಗ್ಗೆ ಇಟ್ಟುಕೊಳ್ಳಬೇಕಾದ ಸರಿಯಾದ ಎಚ್ಚರ ಇದು, ಯಾಕೆಂದರೆ ಇಲ್ಲಿ ಪರೀಕ್ಷಿಸಿ ನೋಡಿ ತೀರ್ಮಾನಿಸುವ ವ್ಯವಸ್ಥೆ ಇದೆ. ಮನುಷ್ಯರ ವಿಷಯದಲ್ಲಿ ಪರೀಕ್ಷೆ ಇಲ್ಲದೆಯೇ ಬಾಗಿಲು ಹಾಕುವುದು ಅಭ್ಯಾಸವಾಗಿದೆ.

'ಬಿಡೋಲ್ಲಮ್ಮ, ವಿಮಾನದಲ್ಲಿ ಬೀಜಕ್ಕೆ ಕಾಗದ ಕೇಳ್ತಾರೆ' ಎಂದ ಮಗ.

'ಮೊದಲು ಬಂದಾಗ ಯಾರು ಕೇಳಿದ್ರು?' ಎಂದರು ತಾಯಿ. ರಾಗಿ ಬಂದ ದಾರಿಯ ಕಥೆಯನ್ನು ಊಟದ ಹೊತ್ತಿನಲ್ಲಿ ಹುಡುಗ ಮೊಬೈಲಿನಲ್ಲಿ ಹುಡುಕಿ ಹೇಳಿದ್ದ. ಆಕೆ ಅದನ್ನು ಕೇಳಿಸಿಕೊಂಡು ಸುಮ್ಮನಿದ್ದರು. ಮರೆತಿರಲಿಲ್ಲ.

ಬೀಜದ ಗಂಟು ಒಳಗೆ ಹೋಯಿತು. ಬದಲಿಗೆ ಹೊರಗೆ ಬಂದದ್ದು ಹಿಟ್ಟಿನ ಕೋಲು. ಆ ಬೆಳಿಗ್ಗೆ ತಿರುವಿದ ಕೋಲಲ್ಲ, ಹೊಸದು. ಟರ್ನರ್ ಹಿಂದೊಮ್ಮೆ ತಾಯಿಗೆಂದು ಲೇತ್ ಯಂತ್ರದಲ್ಲೇ ಕಡೆದಿದ್ದು. ಕಬ್ಬಿಣ ಕಡೆಯುವ ಯಂತ್ರದಲ್ಲಿ ಮರ ಕಡೆದ ತಮಾಷೆಗೆ ಅಂದು ಬೈಸಿಕೊಂಡಿದ್ದ. ತುದಿಯಿಂದ ತುದಿಗೆ ಒಂದೇ ದಪ್ಪ, ಮೈ ನುಣುಪು. ಹುಡುಗ ಅದನ್ನು ಬೆರಳಲ್ಲಿ ತಿರುಗಿಸಿ ನೋಡಿ ಕನ್ನಡದಲ್ಲೇ ಕೇಳಿದ: 'ತಣ್ಣಗಾದ ಮೇಲೆ ಅಳೆದಿರಾ ಅಣ್ಣ?' ಟರ್ನರ್ ನಗಲು ಹೋದ, ಗಂಟಲು ಕಟ್ಟಿತು.

ಅಜ್ಜಿಯ ಮನೆಯಲ್ಲಿ ತಿರುವುವುದು ಚಪ್ಪಟೆ ಸಟ್ಟುಗದಿಂದ, ಅದರ ಹೆಸರು ಮ್ವಿಕೊ. ದುಂಡು ಕೋಲು ನೋಡಿ ಅವಳು ಏನನ್ನುವಳೋ ಎಂದು ಹುಡುಗ ಹೇಳಿದಾಗ ತಾಯಿ, 'ನಮ್ಮದ್ರಲ್ಲಿ ಗಂಟಾಗಲ್ಲ ಅಂತ ಹೇಳು' ಎಂದರು. ಕೋಲು ಪೆಟ್ಟಿಗೆಯಲ್ಲಿ ಓರೆಯಾಗಿ ಕುಳಿತಿತು. ತೂಕ ಸರಿ ಮಾಡಲು ಎರಡು ದಪ್ಪ ಪುಸ್ತಕಗಳು ದೊಡ್ಡನೆಕ್ಕುಂದಿಯಲ್ಲೇ ಉಳಿದವು.

ಆರು ಗಂಟೆಗೆ ಇಬ್ಬರೂ ವಿಮಾನ ನಿಲ್ದಾಣದ ಬಸ್ಸು ಹತ್ತಲು ಹೊರಟರು. ಮೋಡ ಕವಿದಿತ್ತು, ಗಾಳಿ ನೈರುತ್ಯದಿಂದ ಬೀಸುತ್ತಿತ್ತು. ಹಾಯಿ ಹಡಗಿನ ಕಾಲವಾಗಿದ್ದರೆ ಆ ತಿಂಗಳಲ್ಲಿ ಯಾರೂ ಈ ದಡದಿಂದ ಆ ದಡಕ್ಕೆ ಹೊರಡುತ್ತಿರಲಿಲ್ಲ. ಚಳಿಗಾಲದವರೆಗೆ ಕಾಯಬೇಕಿತ್ತು. ವಿಮಾನಕ್ಕೆ ಆ ಹಂಗಿಲ್ಲ. ಐದು ಸಾವಿರ ಕಿಲೋಮೀಟರಿನ ಆಸುಪಾಸಿನ ದೂರವನ್ನು ಅದು ಒಂದೇ ರಾತ್ರಿಯಲ್ಲಿ ದಾಟುತ್ತದೆ. ಕೂಡಿ ಇರಲು ಇನ್ನೊಂದು ಆರು ತಿಂಗಳು ಸಿಕ್ಕುವುದಿಲ್ಲ ಎಂಬುದೊಂದೇ ನಷ್ಟ. ಇರುವ ಎರಡು ವರ್ಷದಲ್ಲಿ ಹತ್ತು ಹೆಜ್ಜೆ ಹಾಕದೆ ಕೊನೆಯ ದಿನಕ್ಕೆ ಉಳಿಸಿಕೊಂಡವರಿಗೆ ಆ ನಷ್ಟ ಚೆನ್ನಾಗಿ ಗೊತ್ತಾಗುತ್ತದೆ. ಬಸ್ಸು ಬರುವವರೆಗೆ ಟರ್ನರ್ ಅದನ್ನೇ ಹೇಳಲು ಎರಡು ಸಲ ಬಾಯಿ ತೆರೆದ. ಮೂರನೆಯ ಸಲ ಹುಡುಗನೇ, 'ಪರವಾಗಿಲ್ಲ ಅಣ್ಣ' ಎಂದ.

ಮಗ ಮನೆಗೆ ಹಿಂತಿರುಗಿದಾಗ ತಾಯಿ ಪಾತ್ರೆ ತೊಳೆದು ಮುಗಿಸಿದ್ದರು. ಗೋಡೆಯ ಸ್ಟ್ಯಾಂಡಿನಲ್ಲಿ ಮನೆಯವರ ತಟ್ಟೆಗಳು ಸಾಲಾಗಿ ನಿಂತಿದ್ದವು. ಅತಿಥಿ ಉಂಡ ತಟ್ಟೆ ಯಾವುದು ಎಂದು ಅವನು ಹುಡುಕಿದ. ಎಲ್ಲವೂ ಒಂದೇ ಥರ ಇದ್ದವು, ಗೊತ್ತಾಗಲಿಲ್ಲ. ಪೇಪರ್ ಕಪ್ಪುಗಳ ಕಟ್ಟು ಮಾತ್ರ ಅಡುಗೆಮನೆಯ ಕಸದ ಬುಟ್ಟಿಯಲ್ಲಿತ್ತು.